ಅದಕ್ಕಿಂತ ಇದು ವಾಸಿ

ಕೋಲಾರದ ಕಡೆಯ ಮಾತಿನಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಒಂದು ತೀರ್ಪು ಇದೆ: 'ಅದಕ್ಕಿಂತ ಇದು ವಾಸಿ.' ಸಾವಿರ ಅಡಿ ಕೊರೆದು ಬರೀ ಧೂಳು ಬಂದ ಕೊಳವೆಬಾವಿಗಿಂತ ಟ್ಯಾಂಕರ್ ನೀರು ವಾಸಿ. ಟೊಮೆಟೊವನ್ನು ರಸ್ತೆಗೆ ಸುರಿಯುವುದಕ್ಕಿಂತ ಮಂಡಿಯಲ್ಲಿ ಸಿಕ್ಕಿದ ಬೆಲೆಗೆ ಕೊಡುವುದು ವಾಸಿ. ಬೆಂಗಳೂರಿನಲ್ಲಿ ರೂಮು ಮಾಡಿ ಸಾಲ ಮಾಡಿಕೊಳ್ಳುವುದಕ್ಕಿಂತ ಮಾಲೂರಿನಿಂದ ಬೆಳಗಿನ ರೈಲಿನಲ್ಲಿ ನಿಂತುಕೊಂಡು ಹೋಗಿಬರುವುದು ವಾಸಿ. ತುಂಬಿ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಬದುಕಿದವರಿಗೆ ಒಳ್ಳೆಯದು ಮತ್ತು ಕೆಟ್ಟದ್ದರ ನಡುವೆ ಆರಿಸುವ ಅವಕಾಶ ಕಡಿಮೆ. ಕೆಟ್ಟದ್ದು ಮತ್ತು ಇನ್ನೂ ಕೆಟ್ಟದ್ದರ ನಡುವೆ ಆರಿಸುವುದೇ ಹೆಚ್ಚು. ಹಾಗಾಗಿ ಈ ಮಾತನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅದರಲ್ಲಿ ತಲೆಮಾರುಗಳ ಲೆಕ್ಕಾಚಾರವಿದೆ.

ಆದರೆ 'ವಾಸಿ' ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಒಂದು, ಹೋಲಿಕೆಯಲ್ಲಿ ಮೇಲು. ಇನ್ನೊಂದು, ಗುಣವಾಗುವುದು. 'ಜ್ವರ ವಾಸಿಯಾಯಿತು' ಎಂದಾಗ ನಾವು ಯಾವುದನ್ನೂ ಯಾವುದರ ಜೊತೆಗೂ ಹೋಲಿಸುತ್ತಿಲ್ಲ. ಕಾಯಿಲೆ ಹೋಯಿತು ಎನ್ನುತ್ತಿದ್ದೇವೆ. ಮೊದಲ ಅರ್ಥದ ವಾಸಿಯನ್ನು ಎರಡನೆಯ ಅರ್ಥದ ವಾಸಿ ಎಂದು ತಿಳಿದುಕೊಳ್ಳುವುದು ಬಹಳ ಸುಲಭ. ಈ ಎರಡರ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ವಸ್ತುವನ್ನು ಇಟ್ಟುಕೊಂಡು ನಾನು ಈ ಪ್ರಶ್ನೆಯನ್ನು ಕೇಳಬೇಕೆಂದಿದ್ದೇನೆ: ಕಡಿಮೆ ಕೇಡನ್ನು ಒಳಿತು ಎಂದು ಕರೆಯಬಹುದೇ?

ವಸ್ತು ಯಾವುದೆಂದರೆ, ಬೆರಳುದ್ದದ ಒಂದು ಅಗ್ಗದ ವೇಪ್. ಅದನ್ನು ನಾಲ್ಕು ವರ್ಷಗಳಿಂದ ಜೇಬಿನಲ್ಲಿಟ್ಟುಕೊಂಡಿರುವ ಒಬ್ಬ ಯುವಕ ನನಗೆ ಪರಿಚಯ. ಶ್ರೀನಿವಾಸಪುರ ತಾಲ್ಲೂಕಿನವನು, ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ. ಅವನ ಅಪ್ಪ ಮಾವಿನ ತೋಪು ಕಾಯುತ್ತಿದ್ದವರು, ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ಇವನೂ ಹದಿನಾರನೇ ವಯಸ್ಸಿಗೆ ಅಪ್ಪನ ಕಟ್ಟಿನಿಂದಲೇ ಶುರು ಮಾಡಿ, ಸಂಬಳ ಬಂದಮೇಲೆ ಸಿಗರೇಟಿಗೆ ಬಂದ. ಮಗಳು ಹುಟ್ಟಿದಾಗ, ಮಗು ಎತ್ತಿಕೊಂಡರೆ ಅಂಗಿಯ ವಾಸನೆಗೆ ಮುಖ ತಿರುಗಿಸುತ್ತದೆ ಎಂದು ಹೆಂಡತಿ ಹೇಳಿದ್ದು ಅವನಿಗೆ ತಾಗಿತು. ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಈ ಸಾಧನವನ್ನು ಕೊಟ್ಟ. ಬೆಲೆ ಸಾವಿರ ರೂಪಾಯಿಯೊಳಗೆ. ಅಂದಿನಿಂದ ಅವನು ಸಿಗರೇಟು ಮುಟ್ಟಿಲ್ಲ. 'ಬೆಳಿಗ್ಗೆ ಎದ್ದ ತಕ್ಷಣ ಬರ್ತಿತ್ತಲ್ಲ ಅಣ್ಣಾ ಕೆಮ್ಮು, ಅದು ಹೋಯ್ತು. ಅಂತರಗಂಗೆ ಮೆಟ್ಟಿಲು ನಿಲ್ಲದೇನೇ ಹತ್ತಿದೆ' ಎಂದು ಹೇಳುತ್ತಾನೆ. ಅದು ಸುಳ್ಳಲ್ಲ. ನಾನೂ ಜೊತೆಯಲ್ಲಿ ಹತ್ತುತ್ತಿದ್ದೆ, ನಿಂತು ಉಸಿರು ತೆಗೆದುಕೊಂಡವನು ನಾನೇ.

ಈ ಸಾಧನದ ಒಳಗೆ ಇರುವುದು ಬಹಳ ಸರಳ. ಒಂದು ಚಿಕ್ಕ ಲಿಥಿಯಂ ಬ್ಯಾಟರಿ, ಒಂದು ತಂತಿಯ ಸುರುಳಿ, ಅದಕ್ಕೆ ಅಂಟಿಕೊಂಡ ಹತ್ತಿ. ಹತ್ತಿ ನೆನೆಯುವ ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ನಿಕೋಟಿನ್ ಮತ್ತು ಒಂದಿಷ್ಟು ಸುವಾಸನೆ. ಎಳೆದಾಗ ಸುರುಳಿ ಕಾದು ದ್ರವ ಆವಿಯಾಗುತ್ತದೆ. ತಂಬಾಕು ಸುಡುವುದಿಲ್ಲ. ಸುಡುವುದಿಲ್ಲವಾದ್ದರಿಂದ ಟಾರು ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲದಂತೆಯೇ ಸರಿ. ಬೀಡಿ ಸಿಗರೇಟುಗಳಿಂದ ಸಾಯುವವರು ಮುಖ್ಯವಾಗಿ ಸಾಯುವುದು ಹೊಗೆಯಿಂದ. ಅವರನ್ನು ಬಿಡದಂತೆ ಹಿಡಿದಿಡುವುದು ನಿಕೋಟಿನ್. 2003ರಲ್ಲಿ ಇದನ್ನು ಈಗಿನ ರೂಪಕ್ಕೆ ತಂದ ಚೀನಾದ ಔಷಧ ತಜ್ಞ ಹೊನ್ ಲಿಕ್ ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದವನು, ಅವನ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡವರು. ಹಿಡಿತವನ್ನು ಇಟ್ಟುಕೊಂಡು ಹೊಗೆಯನ್ನು ತೆಗೆದುಹಾಕುವುದು ಅವನ ಯೋಚನೆ. ಅಂದರೆ ಹುಟ್ಟಿನಿಂದಲೇ ಇದು ಮೊದಲ ಅರ್ಥದ ವಾಸಿ. ಎರಡನೆಯ ಅರ್ಥದ ಭರವಸೆಯನ್ನು ಅದರ ಮೇಲೆ ಹೊರಿಸಿದವರು ನಂತರದವರು.

ಇದರ ಬಗ್ಗೆ ಎರಡು ಸುದ್ದಿಗಳು ಲೋಕದಲ್ಲಿ ಓಡಾಡುತ್ತವೆ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ, ವೇಪ್ ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿಕರ ಎಂದಿತು. ಆ ಅಂಕಿಯ ಆಧಾರ ಗಟ್ಟಿಯಿಲ್ಲವೆಂದು ಆಗಲೇ ಟೀಕೆಯೂ ಬಂತು. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡುತ್ತಿದ್ದ ಯುವಜನರು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ 68 ಮಂದಿ ಸತ್ತಿದ್ದರು. ವೇಪ್ ಪರವಾದವರು ಮೊದಲನೆಯದನ್ನು ಹೇಳುತ್ತಾರೆ, ವಿರೋಧಿಸುವವರು ಎರಡನೆಯದನ್ನು. ಆದರೆ ಎರಡನೆಯ ಸುದ್ದಿಯಲ್ಲಿ ಗಮನಿಸಬೇಕಾದ ಒಂದು ವಿವರವಿದೆ. ಆ ಸಾವುಗಳ ಹಿಂದೆ ಪ್ರಧಾನವಾಗಿ ಕಂಡದ್ದು ಕಳ್ಳ ಸಂತೆಯಲ್ಲಿ ಸಿಕ್ಕ ಗಾಂಜಾ ಸತ್ವದ ದ್ರವ ಮತ್ತು ಅದನ್ನು ಮಂದಗೊಳಿಸಲು ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಕೊಂದದ್ದು ಬಹುಪಾಲು ಒಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲದ ಸರಕು.

ಈ ವಿವರ ನಮಗೆ ಮುಖ್ಯ, ಯಾಕೆಂದರೆ ನಮ್ಮಲ್ಲಿರುವುದೆಲ್ಲ ಅದೇ ಬಗೆಯ ಸರಕು. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆ ಮಾಡಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಿದರೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಂಗ್ಲೆಂಡಿನಲ್ಲಿ ಒಂದು ಮಿಲಿಲೀಟರ್ ದ್ರವದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಬಾರದೆಂಬ ನಿಯಮವಿದೆ. ನಮ್ಮಲ್ಲಿ ಅಂಥ ಮಿತಿ ಇರಲು ಸಾಧ್ಯವೇ ಇಲ್ಲ. ಇಲ್ಲದ ವಸ್ತುವಿಗೆ ಗುಣಮಟ್ಟ ಎಲ್ಲಿಂದ ಬರಬೇಕು? ನನ್ನ ಪರಿಚಯದ ಯುವಕನ ಸೀಸೆಯ ಮೇಲೆ ಒಂದು ಸಂಖ್ಯೆ ಅಚ್ಚಾಗಿದೆ. ಅದನ್ನು ನಂಬಲು ಅವನಿಗಿರುವ ಆಧಾರ ಅದರ ಮೇಲಿನ ಬಣ್ಣದ ಚೀಟಿ ಮಾತ್ರ. ಇಂಗ್ಲೆಂಡಿನ ಶೇ. 95 ಎಂಬ ಅಂಕಿ ಇಂಗ್ಲೆಂಡಿನ ಸೀಸೆಗೆ ಸೇರಿದ್ದು. ಶ್ರೀನಿವಾಸಪುರಕ್ಕೆ ಬರುವಾಗ ಸಾಧನ ಬರುತ್ತದೆ, ಅಂಕಿ ಅದರ ಜೊತೆಗೆ ಬರುವುದಿಲ್ಲ.

ಹಾಗೆಂದು ನಿಷೇಧ ಮಾಡಿದವರನ್ನು ಮೂರ್ಖರೆನ್ನಲು ನಾನು ತಯಾರಿಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 28.6ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಶೇ. 7.7 ಮಂದಿ ಬೀಡಿ, ಶೇ. 4 ಮಂದಿ ಸಿಗರೇಟು. ಇ-ಸಿಗರೇಟು ಬಳಸುತ್ತಿದ್ದವರು ಶೇ. 0.02. ಇನ್ನೂ ಮನೆಯೊಳಗೆ ಬಾರದ ಹಾವನ್ನು ಬಾಗಿಲಲ್ಲೇ ತಡೆಯುವುದು ತಪ್ಪೇನಲ್ಲ. ಆದರೆ ಮನೆಯೊಳಗೆ ಆಗಲೇ ಹೆಡೆ ಬಿಚ್ಚಿ ಕೂತಿರುವ ಹಾವಿನ ಜೊತೆ ಅದೇ ಸರ್ಕಾರ ಹೇಗೆ ನಡೆದುಕೊಳ್ಳುತ್ತದೆ? ಬೀಡಿ ಪ್ರತಿ ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಸರ್ಕಾರಿ ವಿಮಾ ನಿಗಮವು ದೇಶದ ಅತಿದೊಡ್ಡ ಸಿಗರೇಟು ಕಂಪನಿಯ ಷೇರುದಾರ. ನಮ್ಮದೇ ರಾಜ್ಯದ ಹುಣಸೂರು, ಪಿರಿಯಾಪಟ್ಟಣಗಳ ರೈತರು ತಂಬಾಕು ಮಂಡಳಿಯ ಪರವಾನಗಿ ಪಡೆದು ಬೆಳೆಯುತ್ತಾರೆ. ಇದರ ಹಿಂದೆಯೂ ಒಂದು 'ಅದಕ್ಕಿಂತ ಇದು ವಾಸಿ' ಇದೆ: ಬೀಡಿ ಕಟ್ಟುವ ಲಕ್ಷಾಂತರ ಹೆಂಗಸರ ಕೂಲಿ ಹೋಗುವುದಕ್ಕಿಂತ ಬೀಡಿ ಇರುವುದು ವಾಸಿ. ಆ ಲೆಕ್ಕವನ್ನೂ ತಳ್ಳಿಹಾಕಲಾಗದು. ಆದರೆ ಪ್ರಜೆಯೊಬ್ಬ ತನ್ನ ಶ್ವಾಸಕೋಶದ ಬಗ್ಗೆ ಮಾಡುವ ಲೆಕ್ಕವನ್ನು ಒಪ್ಪದ ಸರ್ಕಾರ, ತನ್ನ ಬೊಕ್ಕಸ ಮತ್ತು ಉದ್ಯೋಗದ ಬಗ್ಗೆ ಅದೇ ಲೆಕ್ಕವನ್ನು ದಿನನಿತ್ಯ ಮಾಡುತ್ತದೆ.

ಕೋಲಾರದವರಿಗೆ ಇಂಥ ಲೆಕ್ಕದ ಇನ್ನೊಂದು ದೊಡ್ಡ ಉದಾಹರಣೆ ಕಣ್ಣ ಮುಂದೆಯೇ ಇದೆ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸಲು ಶುರುಮಾಡಿದರು. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ವರ್ಷಗಳ ನಂತರ ಕೆರೆಯಲ್ಲಿ ನೀರು ಕಂಡವರು ಪೂಜೆ ಮಾಡಿದರು. ಕೆಲವೇ ವಾರಗಳಲ್ಲಿ ಅಲ್ಲಿ ನೊರೆ ಕಾಣಿಸಿಕೊಂಡಿತು. ಮೂರನೆಯ ಹಂತದ ಸಂಸ್ಕರಣೆ ಆಗಲೇಬೇಕೆಂದು ನೀರಾವರಿ ಹೋರಾಟಗಾರರು ಪಟ್ಟು ಹಿಡಿದರು, ವಿಷಯ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ನೀರು ಬೇಕೆಂದವರ ವಾದ ಒಂದೇ ಸಾಲಿನದು: ಆಳದ ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಹಾಳಾಗುವುದಕ್ಕಿಂತ, ಬತ್ತಿದ ಕೆರೆಗಿಂತ, ಇದು ವಾಸಿ. ಬೇಡವೆಂದವರ ವಾದವೂ ಒಂದೇ ಸಾಲಿನದು: ಶುದ್ಧ ನೀರಿಗಿಂತ ಇದು ವಾಸಿಯೇ?

ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಅಂತರ್ಜಲ ಏರಿದ್ದನ್ನು ಕಂಡ ರೈತ ಸುಳ್ಳು ಹೇಳಲಿಲ್ಲ, ನೊರೆ ಕಂಡವನೂ ಸುಳ್ಳು ಹೇಳಲಿಲ್ಲ. ವ್ಯತ್ಯಾಸ ಇದ್ದದ್ದು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನನ್ನು ಇಡುತ್ತೀರಿ ಎಂಬುದರಲ್ಲಿ. ಒಂದು ತಟ್ಟೆಯಲ್ಲಿ ಬತ್ತಿದ ಕೆರೆಯನ್ನೇ ಇಟ್ಟರೆ ಯಾವ ನೀರೂ ಗೆಲ್ಲುತ್ತದೆ. ಹಾಗಾದರೆ ಆ ತಟ್ಟೆಯಲ್ಲಿ ಏನಿಡಬೇಕೆಂದು ನಿರ್ಧರಿಸುವವರು ಯಾರು? ಕೊಳಚೆಯನ್ನು ಸಾಗಹಾಕಬೇಕಾಗಿದ್ದ ನಗರವೇ? ಅಥವಾ ಆ ನೀರಿನಲ್ಲಿ ಸೊಪ್ಪು ಬೆಳೆದು, ಹಸುವಿಗೆ ಕುಡಿಸಿ, ಹಾಲನ್ನು ಡೇರಿಗೆ ಹಾಕುವ ಊರೇ?

ಕಡಿಮೆ ಕೇಡಿನ ಪ್ರಶ್ನೆ ತತ್ವಶಾಸ್ತ್ರದಲ್ಲಿ ಹಳೆಯದು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ, ದೊಡ್ಡ ಕೇಡಿನ ಎದುರಿಗೆ ಸಣ್ಣ ಕೇಡು ಒಳಿತಿನ ಲೆಕ್ಕಕ್ಕೇ ಸೇರುತ್ತದೆ ಎನ್ನುತ್ತಾನೆ, ಏಕೆಂದರೆ ಎರಡರಲ್ಲಿ ಆರಿಸಿಕೊಳ್ಳಲು ತಕ್ಕದ್ದು ಅದೇ. ಇಪ್ಪತ್ತನೆಯ ಶತಮಾನದಲ್ಲಿ ಹನ್ನಾ ಅರೆಂಟ್ ಇದಕ್ಕೆ ಒಂದು ಎಚ್ಚರಿಕೆ ಸೇರಿಸಿದಳು. ಅವಳ ಕಣ್ಣ ಮುಂದಿದ್ದದ್ದು ನಾಜಿ ಜರ್ಮನಿ, ನಮ್ಮ ವಿಷಯಕ್ಕೆ ಹೋಲಿಸಲಾಗದಷ್ಟು ಭೀಕರವಾದದ್ದು. ಆದರೆ ಮನುಷ್ಯನ ಮನಸ್ಸಿನ ಬಗ್ಗೆ ಅವಳು ಕಂಡದ್ದು ಸಣ್ಣ ವಿಷಯಗಳಿಗೂ ಸಲ್ಲುತ್ತದೆ: ಕಡಿಮೆ ಕೇಡನ್ನು ಆರಿಸಿಕೊಂಡವರು ತಾವು ಆರಿಸಿದ್ದು ಕೇಡನ್ನೇ ಎಂಬುದನ್ನು ಬೇಗ ಮರೆಯುತ್ತಾರೆ. ಅರಿಸ್ಟಾಟಲ್ ಆರಿಸುವ ಕ್ಷಣದ ಬಗ್ಗೆ ಹೇಳುತ್ತಿದ್ದಾನೆ, ಅರೆಂಟ್ ಆರಿಸಿದ ನಂತರದ ವರ್ಷಗಳ ಬಗ್ಗೆ. ಇಬ್ಬರನ್ನೂ ಒಟ್ಟಿಗೆ ಒಪ್ಪಬಹುದು ಎಂದು ನನಗನ್ನಿಸುತ್ತದೆ. ನಾಲ್ಕು ವರ್ಷದ ಹಿಂದೆ ಆ ಯುವಕ ಸಿಗರೇಟು ಬಿಟ್ಟು ಇದನ್ನು ಹಿಡಿದದ್ದು, ಹಿಡಿದ ದಿನ, ಒಳಿತೇ. ಇವತ್ತೂ ಅದು ಹಾಗೇ ಉಳಿದಿದೆಯೇ ಎಂಬುದು ಬೇರೆ ಪ್ರಶ್ನೆ.

ಇಲ್ಲಿ ಆ ಅಗ್ಗದ ಸಾಧನದ ಜೊತೆ ದೀರ್ಘಕಾಲ ಬದುಕಿದವನ ಅನುಭವವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೀಡಿಗೆ ಒಂದು ಕೊನೆಯಿದೆ. ಹಚ್ಚಬೇಕು, ಸೇದಬೇಕು, ಬೆರಳಿಗೆ ಬಿಸಿ ತಾಗಿದಾಗ ಎಸೆಯಬೇಕು. ಕಟ್ಟಿನಲ್ಲಿ ಎಷ್ಟು ಉಳಿದಿದೆಯೆಂದು ಎಣಿಸಬಹುದು. ಮಳೆ ಬಂದರೆ ಕಷ್ಟ, ಬಸ್ಸಿನಲ್ಲಿ ಆಗದು, ಮನೆಯೊಳಗೆ ಅಮ್ಮ ಬೈಯುತ್ತಾಳೆ. ಹೀಗೆ ಬೀಡಿಯ ಸುತ್ತ ನೂರು ಸಣ್ಣ ಬೇಲಿಗಳಿದ್ದವು. ವೇಪ್ ಆ ಬೇಲಿಗಳನ್ನೆಲ್ಲ ಕಿತ್ತುಹಾಕಿತು. ವಾಸನೆಯಿಲ್ಲ, ಬೂದಿಯಿಲ್ಲ, ಬೆಂಕಿಪೊಟ್ಟಣ ಬೇಡ, ಮತ್ತು ಮುಖ್ಯವಾಗಿ, ಕೊನೆಯಿಲ್ಲ. 'ಮೊದಲು ದಿನಕ್ಕೆ ಹನ್ನೆರಡು ಸಿಗರೇಟು ಅಂತ ಹೇಳ್ತಿದ್ದೆ. ಈಗ ಎಷ್ಟು ಅಂತ ಕೇಳಿದ್ರೆ ನಂಗೇ ಗೊತ್ತಿಲ್ಲ ಅಣ್ಣಾ' ಎಂದ. ದಿಂಬಿನ ಪಕ್ಕ ಅದಿರುತ್ತದೆ. ನಡುರಾತ್ರಿ ಎಚ್ಚರವಾದರೆ ಕೈ ಮೊದಲು ಅದನ್ನು ಹುಡುಕುತ್ತದೆ, ಆಮೇಲೆ ಫೋನನ್ನು. ಸಿಗರೇಟಿನ ಕಾಲದಲ್ಲಿ ಅವನು ನಡುರಾತ್ರಿ ಎದ್ದು ಸೇದಿದ್ದಿಲ್ಲ.

ಅಗ್ಗದ್ದು ಎಂಬುದಕ್ಕೂ ಇದರಲ್ಲಿ ಪಾತ್ರವಿದೆ. ಹತ್ತಿ ಒಣಗಿದಾಗ ಸುರುಳಿ ಅದನ್ನೇ ಸುಡುತ್ತದೆ, ಬಾಯೆಲ್ಲ ಕರಕಲು ರುಚಿ. ಸುರುಳಿಯ ಭಾಗವನ್ನು ವಾರ ಎರಡು ವಾರಕ್ಕೆ ಬದಲಿಸಬೇಕು. ದುಡ್ಡು ಕೈಯಲ್ಲಿಲ್ಲದ ತಿಂಗಳ ಕೊನೆಯಲ್ಲಿ ಅವನು ತಿಂಗಳುಗಟ್ಟಲೆ ಹಳೆಯದನ್ನೇ ಎಳೆಯುತ್ತಾನೆ. ಬ್ಯಾಟರಿ ಸೊರಗಿ ಚಾರ್ಜಿಗೆ ಹಾಕಿದಾಗ ಬಿಸಿಯೇರುತ್ತದೆ. ಬದಲಿ ಭಾಗ ಸಿಗದೆ ಎರಡು ದಿನ ಕಳೆದಾಗ ಪಾಳಿಯ ಮೇಲ್ವಿಚಾರಕನ ಜೊತೆ ಜಗಳವಾಡಿದ್ದಾನೆ, ಮಗಳ ಮೇಲೆ ರೇಗಿದ್ದಾನೆ. ಬೀಡಿ ಮುಗಿದರೆ ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಇದಕ್ಕೆ ಅವನು ಫೋನಿನಲ್ಲಿ ಹೆಸರಿಲ್ಲದೆ ಉಳಿಸಿಕೊಂಡಿರುವ ಒಂದು ನಂಬರನ್ನು ಕಾಯಬೇಕು. ಶ್ವಾಸಕೋಶ ಹಗುರವಾಯಿತು, ಆದರೆ ಬದುಕಿನ ಮೇಲಿನ ಅಧೀನತೆ ಹಗುರವಾಗಲಿಲ್ಲ. ದೇಹದ ಕೇಡನ್ನು ಅಳೆಯಲು ವೈದ್ಯರ ಬಳಿ ಯಂತ್ರಗಳಿವೆ. ತನ್ನ ದಿನ ಎಷ್ಟರಮಟ್ಟಿಗೆ ತನ್ನದು ಎಂಬುದನ್ನು ಅಳೆಯುವ ಯಂತ್ರವಿಲ್ಲ. ಹಾಗಾಗಿ ಹೋಲಿಕೆಯ ತಟ್ಟೆಯಲ್ಲಿ ಅದು ಬೀಳುವುದೇ ಇಲ್ಲ.

ಇದೇ ಸಾಧನವನ್ನು ಇನ್ನೊಬ್ಬನ ಕೈಯಲ್ಲಿಟ್ಟು ನೋಡಿ. ಅವನ ದ್ರವಕ್ಕೆ ಮಾವಿನ ಹಣ್ಣಿನ ರುಚಿ. ಬಾದಾಮಿ, ರಸಪುರಿ, ಮಲ್ಲಿಕಾ ಬೆಳೆಯುವ ಶ್ರೀನಿವಾಸಪುರಕ್ಕೆ ಕಾರ್ಖಾನೆಯ ಮಾವಿನ ವಾಸನೆ ಸೀಸೆಯಲ್ಲಿ ಬರುತ್ತದೆ ಎಂಬುದೇ ಒಂದು ತಮಾಷೆ. ಆದರೆ ಆ ಸುವಾಸನೆ ಮೂವತ್ತು ವರ್ಷದ ಬೀಡಿ ಚಟದವನಿಗಾಗಿ ಮಾಡಿದ್ದಲ್ಲ. ಎಂದೂ ಬೀಡಿ ಮುಟ್ಟದ, ಮುಟ್ಟಿದರೆ ಮೊದಲ ದಮ್ಮಿಗೇ ಕೆಮ್ಮಿ ಎಸೆಯಬಹುದಾಗಿದ್ದ ಹತ್ತನೇ ತರಗತಿಯ ಹುಡುಗನಿಗೆ ಅದು ಹೇಳಿ ಮಾಡಿಸಿದಂತಿದೆ. ಅವನ ಪಾಲಿಗೆ ಇನ್ನೊಂದು ತಟ್ಟೆಯಲ್ಲಿರುವುದು ಸಿಗರೇಟಲ್ಲ, ಏನೂ ಇಲ್ಲದಿರುವುದು. ಏನೂ ಇಲ್ಲದಿರುವುದಕ್ಕಿಂತ ಇದು ವಾಸಿಯೇ? ಮಾರುವವನು ಅವನಿಗೂ ಅದೇ ವಾಕ್ಯ ಹೇಳುತ್ತಾನೆ, 'ಸಿಗರೇಟಿಗಿಂತ ವಾಸಿ ಕಣೋ' ಎಂದು. ವಾಕ್ಯ ನಿಜ, ಹೋಲಿಕೆ ಮೋಸ. ಒಬ್ಬನಿಗೆ ಹಗ್ಗವಾದದ್ದು ಇನ್ನೊಬ್ಬನಿಗೆ ಉರುಳಾಗುವುದು ಹೀಗೆ; ವಸ್ತು ಬದಲಾಗಿಲ್ಲ, ಅವರು ನಿಂತಿರುವ ಜಾಗ ಬೇರೆ. ಒಂದೇ ಕಾನೂನು, ಒಂದೇ ಜಾಹೀರಾತು, ಒಂದೇ ಬುದ್ಧಿವಾದ ಇಬ್ಬರಿಗೂ ಸಲ್ಲದಿರುವುದಕ್ಕೆ ಇದೇ ಕಾರಣ.

ಹಾಗಾದರೆ ಕಡಿಮೆ ಕೇಡನ್ನು ಒಳಿತೆನ್ನಬಹುದೇ ಎಂಬ ಮೊದಲ ಪ್ರಶ್ನೆಗೆ ನನ್ನ ಉತ್ತರ: ಎನ್ನಬಹುದು, ಮೂರು ಷರತ್ತುಗಳ ಮೇಲೆ. ಮೊದಲನೆಯದು, ಯಾವುದಕ್ಕೆ ಹೋಲಿಸಬೇಕೆಂದು ತೀರ್ಮಾನಿಸುವವನು ಅದರ ಕೇಡನ್ನು ಅನುಭವಿಸುವವನಾಗಿರಬೇಕು; ಮಾರುವವನೂ ಅಲ್ಲ, ಸಾಗಹಾಕುವವನೂ ಅಲ್ಲ. ಎರಡನೆಯದು, ಅವನಿಗೆ ಅಳತೆ ಗೊತ್ತಿರಬೇಕು: ಸೀಸೆಯಲ್ಲಿ ಎಷ್ಟಿದೆ, ಕೆರೆಯ ನೀರಿನಲ್ಲಿ ಏನಿದೆ, ದಿನಕ್ಕೆ ಎಷ್ಟು ಸಲ ಎಳೆದೆ. ಅಳತೆಯಿಲ್ಲದ ಕಡೆ 'ಕಡಿಮೆ' ಎಂಬ ಪದಕ್ಕೆ ಅರ್ಥವೇ ಇಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಕಡಿಮೆ ಕೇಡು ನಡೆಯುತ್ತಿರಬೇಕು. ಅದು ಮೆಟ್ಟಿಲಿನಂತೆ. ಮೆಟ್ಟಿಲ ಮೇಲೆ ಕಾಲಿಟ್ಟವನನ್ನು ಯಾರೂ ಹಳಿಯಬೇಕಾಗಿಲ್ಲ. ಅಲ್ಲೇ ಹಾಸಿಗೆ ಹಾಸಿ ಮಲಗಿದವನಿಗೆ ಅದು ಮೆಟ್ಟಿಲಲ್ಲ, ಮನೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಹೇಳದೆ ಮುಗಿಸುವುದು ನ್ಯಾಯವಲ್ಲ. ಮೇಲೇರಲು ಶಕ್ತಿಯಿಲ್ಲದವನನ್ನು ಮೆಟ್ಟಿಲ ಮೇಲೆ ನಿಂತದ್ದಕ್ಕೆ ಪ್ರಶ್ನಿಸುವ ಹಕ್ಕು ನಮಗೇನಿದೆ? ರಾತ್ರಿ ಪಾಳಿ, ಸಾಲದ ಕಂತು, ಅಪ್ಪನ ಆಸ್ಪತ್ರೆ ಖರ್ಚು ಎಲ್ಲವನ್ನೂ ಹೊತ್ತವನಿಗೆ ಸಿಗರೇಟು ಬಿಟ್ಟದ್ದೇ ಒಂದು ಜನ್ಮದ ಸಾಧನೆಯಿರಬಹುದು. ಆ ಯುವಕನೂ ಒಮ್ಮೆ ಹೀಗೆಯೇ ಕೇಳಿದ: 'ಇದನ್ನೂ ಬಿಡು ಅಂತೀಯ. ಬಿಟ್ಟು ಮತ್ತೆ ಬೀಡಿಗೆ ಹೋದ್ರೆ?' ಆ ಭಯ ನಿಜವಾದದ್ದು. ಆದ್ದರಿಂದಲೇ ಮೂರನೆಯ ಷರತ್ತು ಅವನೊಬ್ಬನ ಮೇಲೆ ಹೊರಿಸುವಂಥದ್ದಲ್ಲ. ಮುಂದಿನ ಮೆಟ್ಟಿಲು ಇದ್ದರೆ ತಾನೇ ಏರುವುದು? ನಿಕೋಟಿನ್ ಗಮ್ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ಪ್ರಮಾಣ ಅಚ್ಚಾಗಿರುತ್ತದೆ, ವಾರದಿಂದ ವಾರಕ್ಕೆ ಇಳಿಸಬಹುದು. ತಂಬಾಕು ಬಿಡಲು ನೆರವಾಗುವ 1800-11-2356 ಎಂಬ ಉಚಿತ ಸಹಾಯವಾಣಿ ಸಿಗರೇಟು ಪೊಟ್ಟಣದ ಮೇಲೆಯೇ ಇದೆ. ಆದರೆ ವೇಪಿಗೆ ಪೊಟ್ಟಣವೂ ಇಲ್ಲ, ಎಚ್ಚರಿಕೆಯ ಚಿತ್ರವೂ ಇಲ್ಲ, ನಂಬರೂ ಇಲ್ಲ. ನಿಷೇಧಿತ ವಸ್ತು ಬಳಸುವವನು ಡಾಕ್ಟರ ಮುಂದೆ ಬಾಯಿ ಬಿಡಲೂ ಹೆದರುತ್ತಾನೆ. ಕಾನೂನಿನ ಪಟ್ಟಿಯಲ್ಲಿ ಬಳಕೆ ಅಪರಾಧವಾಗಿಲ್ಲ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಹೀಗೆ ಮೆಟ್ಟಿಲ ಮೇಲಿರುವವನ ಕಣ್ಣಿಗೆ ಮೇಲಿನ ಮೆಟ್ಟಿಲು ಕಾಣದಂತೆ ಮಾಡಿ, ಅವನು ಯಾಕೆ ಏರಲಿಲ್ಲ ಎಂದು ಕೇಳುತ್ತಿದ್ದೇವೆ.

ಎರಡು ಹಂತ ಸಂಸ್ಕರಿಸಿದ ನೀರು ಕೆರೆಗೆ ಬಂದದ್ದು ಒಳಿತೇ. ಮೂರನೆಯ ಹಂತ ಬೇಕೆಂದು ಕೇಳುವವನನ್ನು 'ಬತ್ತಿದ ಕೆರೆಗಿಂತ ವಾಸಿಯಲ್ಲವೇ' ಎಂದು ಬಾಯಿ ಮುಚ್ಚಿಸಿದಾಗ ಆ ಒಳಿತು ಅಲ್ಲೇ ನಿಂತುಹೋಗುತ್ತದೆ. ಆ ಮಾತನ್ನು ಆಡುವ ಹಕ್ಕು ನೀರಿಲ್ಲದೆ ನರಳಿದ ರೈತನಿಗೆ ಇದೆ, ನೀರು ಕಳಿಸಿದವರಿಗೆ ಇಲ್ಲ. ಹಾಗೆಯೇ 'ಬೀಡಿಗಿಂತ ಇದು ವಾಸಿ' ಎಂದು ಹೇಳುವ ಹಕ್ಕು ಬೀಡಿ ಬಿಟ್ಟವನಿಗೆ ಇದೆ. ಅವನು ಅದನ್ನು ಹೇಳುತ್ತಲೇ, ವಾಸಿಯಾಗುವುದು ಇನ್ನೂ ಬಾಕಿಯಿದೆ ಎಂಬುದನ್ನು ನೆನಪಿಟ್ಟುಕೊಂಡಿದ್ದರೆ, ಅವನ ಕಡಿಮೆ ಕೇಡನ್ನು ಒಳಿತಿನ ಲೆಕ್ಕಕ್ಕೆ ಬರೆದುಕೊಳ್ಳಲು ನನಗೆ ಯಾವ ತಕರಾರೂ ಇಲ್ಲ.